ಮ್ಯಾಕ್ರೋ ಪ್ರೈಮೋ, ಟೆಲಿ ಜೂಮೋ? ಕಿಟ್ ಲೆನ್ಸ್ ಆದಮೇಲೆ ಯಾವುದು ಕೊಳ್ಳಬೇಕು

ಕ್ಯಾಮೆರಾ ಜೊತೆ ಬಂದ 18–55 ಎಂಎಂ ಕಿಟ್ ಲೆನ್ಸ್ ಸಾಲದು ಅನ್ನಿಸುವ ಹೊತ್ತಿಗೆ ಚಿಟ್ಟೆ, ಜೇಡ, ಕಪ್ಪೆ, ಹಕ್ಕಿಗಳ ಹಿಂದೆ ಬಿದ್ದವರ ಮುಂದೆ ಎರಡು ದಾರಿ ಇರುತ್ತವೆ. ಒಂದು, 90ರಿಂದ 105 ಎಂಎಂವರೆಗಿನ ಮ್ಯಾಕ್ರೋ ಪ್ರೈಮ್, ಅಂದರೆ ಜೂಮ್ ಆಗದ, ತೀರಾ ಹತ್ತಿರಕ್ಕೂ ಫೋಕಸ್ ಆಗುವ ಲೆನ್ಸ್. ಇನ್ನೊಂದು, 70–300, 100–400, 150–600 ಥರದ ಟೆಲಿ ಜೂಮ್, ದೂರದ್ದನ್ನು ಹತ್ತಿರ ತರುವಂಥದ್ದು. ಅಂಗಡಿಯಲ್ಲಿ ಕೇಳಿದರೆ ‘ಹತ್ತಿರದ್ದಕ್ಕೆ ಮ್ಯಾಕ್ರೋ, ದೂರದ್ದಕ್ಕೆ ಟೆಲಿ’ ಅನ್ನುತ್ತಾರೆ. ಸುಳ್ಳೇನಲ್ಲ, ಆದರೆ ದುಡ್ಡು ಎಣಿಸಿ ಕೊಡುವವರಿಗೆ ಆ ಉತ್ತರ ಸಾಲದು. ಚಿಟ್ಟೆಯ ಒಳ್ಳೆಯ ಚಿತ್ರಗಳಲ್ಲಿ ಎಷ್ಟೋ ಟೆಲಿ ಜೂಮಿನಲ್ಲಿ ತೆಗೆದವು. ಚಿಟ್ಟೆಗೆಂದೇ ಮ್ಯಾಕ್ರೋ ಕೊಂಡು, ಹತ್ತಿರ ಹೋದಾಗಲೆಲ್ಲ ಅದು ಹಾರಿಹೋಗಿ, ಲೆನ್ಸನ್ನು ಬೀರುವಿಗೆ ಸೇರಿಸಿದವರೂ ಕಡಿಮೆಯಿಲ್ಲ.

ಕೇಳಿಕೊಳ್ಳಬೇಕಾದದ್ದು ಎರಡೇ. ತೆಗೆಯಬೇಕಾದ ಜೀವಿ ಎಷ್ಟು ಮಿಲಿಮೀಟರ್ ದೊಡ್ಡದು? ಅದು ನಮ್ಮನ್ನು ಎಷ್ಟು ಹತ್ತಿರಕ್ಕೆ ಬಿಟ್ಟುಕೊಳ್ಳುತ್ತದೆ? ಇವೆರಡಕ್ಕೂ ಅಂಕಿಯಲ್ಲಿ ಉತ್ತರ ಸಿಕ್ಕರೆ ಲೆನ್ಸ್ ತಾನಾಗಿಯೇ ನಿರ್ಧಾರವಾಗುತ್ತದೆ.

ಸೆನ್ಸರ್ ಮೇಲೆ ಬೀಳುವ ಗಾತ್ರ

ಪ್ರತಿ ಲೆನ್ಸಿನ ವಿವರಪಟ್ಟಿಯಲ್ಲೂ ‘ಮ್ಯಾಕ್ಸಿಮಮ್ ಮ್ಯಾಗ್ನಿಫಿಕೇಶನ್’ ಅಂತ ಒಂದು ಸಾಲು ಇರುತ್ತದೆ. ಬಹಳ ಜನ ಅದನ್ನು ಓದುವುದೇ ಇಲ್ಲ. ಈ ಹೋಲಿಕೆಯಲ್ಲಿ ಫೋಕಲ್ ಲೆಂತ್‌ಗಿಂತ (ಲೆನ್ಸಿನ ಹೆಸರಿನಲ್ಲಿರುವ ಎಂಎಂ ಅಂಕಿಗಿಂತ) ಅದೇ ಮುಖ್ಯ. 1:1 ಅಂದರೆ 10 ಮಿ.ಮೀ. ಹುಳ ಸೆನ್ಸರ್ ಮೇಲೂ 10 ಮಿ.ಮೀ. ಆಗಿಯೇ ಬೀಳುತ್ತದೆ. 0.2ಎಕ್ಸ್ ಅಂದರೆ ಅದೇ ಹುಳ 2 ಮಿ.ಮೀ. ಆಗುತ್ತದೆ. ಸೆನ್ಸರಿನ ಅಗಲವನ್ನು ಈ ಅಂಕಿಯಿಂದ ಭಾಗಿಸಿದರೆ, ಆ ಲೆನ್ಸ್ ಅತಿ ಹತ್ತಿರದಲ್ಲಿ ಎಷ್ಟು ಅಗಲದ ಜಾಗವನ್ನು ಚೌಕಟ್ಟಿಗೆ ತುಂಬುತ್ತದೆ ಎಂದು ಗೊತ್ತಾಗುತ್ತದೆ. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, ನಿಕಾನ್ ಮತ್ತು ಸೋನಿಯ ಎಪಿಎಸ್-ಸಿ (ಅದಕ್ಕಿಂತ ಚಿಕ್ಕ ಸೆನ್ಸರ್) ಸುಮಾರು 23.5, ಕ್ಯಾನನ್‌ನದು 22.3.

ಫುಲ್ ಫ್ರೇಮ್‌ನಲ್ಲಿ ಲೆಕ್ಕ ಹೀಗೆ ಬರುತ್ತದೆ:

- ಯಾವುದೇ 1:1 ಮ್ಯಾಕ್ರೋ: 36 ಮಿ.ಮೀ.
- ಕ್ಯಾನನ್ ಆರ್‌ಎಫ್ 100 ಎಂಎಂ ಎಫ್/2.8 ಎಲ್ ಮ್ಯಾಕ್ರೋ, 1.4ಎಕ್ಸ್: ಸುಮಾರು 26 ಮಿ.ಮೀ.
- ಸೋನಿ 70–200 ಎಫ್/4 ಮ್ಯಾಕ್ರೋ ಜಿ II, 0.5ಎಕ್ಸ್: 72 ಮಿ.ಮೀ.
- ಕ್ಯಾನನ್ ಆರ್‌ಎಫ್ 100–400 ಎಫ್/5.6–8, 0.41ಎಕ್ಸ್: 88 ಮಿ.ಮೀ.
- ಕ್ಯಾನನ್ ಇಎಫ್ 100–400 ಎಲ್ II, 0.31ಎಕ್ಸ್: 116 ಮಿ.ಮೀ.
- ನಿಕಾನ್ 200–500 ಎಫ್/5.6, 0.22ಎಕ್ಸ್: 164 ಮಿ.ಮೀ.
- ಸೋನಿ 200–600 ಮತ್ತು ಸಿಗ್ಮಾ 150–600 ಕಂಟೆಂಪರರಿ, 0.2ಎಕ್ಸ್: 180 ಮಿ.ಮೀ.

ಇದನ್ನು ಕೈಯಲ್ಲಿಟ್ಟುಕೊಂಡು ಜೀವಿಗಳನ್ನು ನೋಡಿ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ರೆಕ್ಕೆ ಬಿಚ್ಚಿದರೆ 140ರಿಂದ 190 ಮಿ.ಮೀ. ಅದಕ್ಕೆ 200–600 ಕೂಡ ಧಾರಾಳ. ಇನ್ನು ಬಯಲಿನ ಹುಲ್ಲಿನಲ್ಲಿ ಸಿಗುವ ಗ್ರಾಸ್ ಜ್ಯುವೆಲ್ ರೆಕ್ಕೆ ಬಿಚ್ಚಿದರೂ 15ರಿಂದ 22 ಮಿ.ಮೀ. ದಾಟುವುದಿಲ್ಲ. ರೆಕ್ಕೆ ಮಡಚಿ ಕೂತಾಗ ಕಾಣುವುದು 10 ಮಿ.ಮೀ. ಆಸುಪಾಸು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಚಿತ್ರದ ಅಗಲ 6000 ಪಿಕ್ಸೆಲ್. ಹಾಗಾಗಿ 0.2ಎಕ್ಸ್ ಲೆನ್ಸಿನಲ್ಲಿ ಆ ಚಿಟ್ಟೆಗೆ ದಕ್ಕುವುದು 330 ಪಿಕ್ಸೆಲ್, 1:1 ಮ್ಯಾಕ್ರೋದಲ್ಲಿ 1660ಕ್ಕೂ ಹೆಚ್ಚು. ಎಷ್ಟೇ ಕ್ರಾಪ್ ಮಾಡಿದರೂ ಈ ಅಂತರ ಮುಚ್ಚುವುದಿಲ್ಲ. ಚಗಳಿ ಇರುವೆ, ಜಿಗಿಯುವ ಜೇಡ, ಚಿಟ್ಟೆಯ ಮೊಟ್ಟೆ ಇವೆಲ್ಲ ಸೆಂಟಿಮೀಟರಿಗಿಂತ ಚಿಕ್ಕವು. ಇವು ಬೇಕೆಂದರೆ ಚರ್ಚೆಯೇ ಇಲ್ಲ, ಮ್ಯಾಕ್ರೋ.

ಹಾಗೆಯೇ ಉಲ್ಟಾ ಲೆಕ್ಕ. 10 ಮೀಟರ್ ದೂರದ ಕೊಂಬೆಯ ಮೇಲೆ ಮಿಂಚುಳ್ಳಿ ಕೂತಿದೆ, ಹಕ್ಕಿ ಉದ್ದ 16 ಸೆಂ.ಮೀ. ಫುಲ್ ಫ್ರೇಮ್‌ನಲ್ಲಿ 600 ಎಂಎಂ ಆ ದೂರದಲ್ಲಿ 60 ಸೆಂ.ಮೀ. ಅಗಲ ತೋರಿಸುತ್ತದೆ, ಹಕ್ಕಿ ಚೌಕಟ್ಟಿನ ಕಾಲು ಭಾಗ ತುಂಬುತ್ತದೆ. 100 ಎಂಎಂ ಮ್ಯಾಕ್ರೋ ತೋರಿಸುವುದು 3.6 ಮೀಟರ್. ಅದರಲ್ಲಿ ಮಿಂಚುಳ್ಳಿಯನ್ನು ಹುಡುಕಬೇಕು.

ಕೆಲವು ಹಳೆಯ ಜೂಮ್‌ಗಳ ಮೇಲೆ ‘ಮ್ಯಾಕ್ರೋ’ ಅಂತ ದೊಡ್ಡದಾಗಿ ಬರೆದಿರುತ್ತದೆ. ಹೆಸರು ನೋಡಿ ಮರುಳಾಗಬೇಡಿ, ಅಂಕಿ ನೋಡಿ. ಟ್ಯಾಮ್ರಾನ್ ಹಳೆಯ 70–300ರ ಮ್ಯಾಕ್ರೋ ಸ್ವಿಚ್ 180ರಿಂದ 300 ಎಂಎಂ ನಡುವೆ 95 ಸೆಂ.ಮೀ.ಗೆ ಬಂದು 1:2 ಕೊಡುತ್ತಿತ್ತು, ಅದು ಪರವಾಗಿಲ್ಲ. ಅದೇ ಪದ ಬರೆದುಕೊಂಡು 1:4 ಕೊಡುವವೂ ಇವೆ.

ಲೆನ್ಸ್ ಮೂತಿಯಿಂದ ಎಷ್ಟು ದೂರ

ಪೆಟ್ಟಿಗೆಯ ಮೇಲೆ ಬರೆದಿರುವ ಕನಿಷ್ಠ ಫೋಕಸ್ ದೂರವನ್ನು ಅಳೆಯುವುದು ಸೆನ್ಸರಿನಿಂದ, ಲೆನ್ಸಿನ ಮುಂಭಾಗದಿಂದ ಅಲ್ಲ. ಬಾಡಿಯ ಮೇಲೆ ಅಡ್ಡಗೆರೆ ಎಳೆದ ವೃತ್ತದ ಗುರುತು ಇರುತ್ತದಲ್ಲ, ಅಲ್ಲಿಂದ. ಕ್ಯಾನನ್ ಇಎಫ್ 100 ಎಂಎಂ ಎಲ್ ಮ್ಯಾಕ್ರೋಗೆ 30 ಸೆಂ.ಮೀ. ಅಂತ ಬರೆದಿದೆ. ಅದರಲ್ಲಿ ಲೆನ್ಸಿನ ಉದ್ದ 12.3, ಸೆನ್ಸರಿನಿಂದ ಮೌಂಟ್‌ವರೆಗೆ (ಬಾಡಿಗೆ ಲೆನ್ಸ್ ಕೂರುವ ಜಾಗ) 4.4 ಕಳೆದರೆ ಉಳಿಯುವುದು 13.3 ಸೆಂ.ಮೀ. ಹುಡ್ (ಲೆನ್ಸಿನ ಮುಂದೆ ಹಾಕುವ ನೆರಳುಪಟ್ಟಿ) ಹಾಕಿದರೆ ಅದರಲ್ಲೂ ಒಂದಷ್ಟು ಹೋಗುತ್ತದೆ. 1:1 ಬೇಕಾದಾಗ ಹುಡ್ ತೆಗೆದಿಡುವುದೇ ಸರಿ, ಇಲ್ಲದಿದ್ದರೆ ಹುಳದ ಮೇಲೆ ಹುಡ್‌ನದೇ ನೆರಳು ಬೀಳುತ್ತದೆ.

60 ಎಂಎಂ ಮ್ಯಾಕ್ರೋ ಅಗ್ಗ ಅಂತ ಕೊಂಡರೆ ಈ ಅಂತರ ಐದರಿಂದ ಒಂಬತ್ತು ಸೆಂ.ಮೀ.ಗೆ ಇಳಿಯುತ್ತದೆ. ನಾಣ್ಯ, ಒಡವೆ, ಹೂವಿಗೆ ಅದು ಸಾಕು. ಜೀವಂತ ಹುಳಕ್ಕೆ ಬೇಡ. 150–180 ಎಂಎಂ ಮ್ಯಾಕ್ರೋಗಳಲ್ಲಿ ಅಂತರ ಚೆನ್ನಾಗಿದೆ, ಆದರೆ ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳ ಮೌಂಟ್‌ಗಳಿಗೆ ಅವು ಹೆಚ್ಚೇನೂ ಬಂದಿಲ್ಲ, ಹಳೆಯವನ್ನು ಅಡಾಪ್ಟರ್ ಹಾಕಿ ಬಳಸಬೇಕಾಗುತ್ತದೆ. 90–105 ಎಲ್ಲರಿಗೂ ಒಗ್ಗಿರುವುದು ಅದಕ್ಕೇ.

ಟೆಲಿ ಜೂಮಿನ ಲೆಕ್ಕ ಬೇರೆ. 100–400 ಎಲ್ II 98 ಸೆಂ.ಮೀ.ವರೆಗೆ ಬರುತ್ತದೆ. ನಿಕಾನ್ 200–500ಕ್ಕೆ 2.2 ಮೀಟರ್, ಸೋನಿ 200–600ಕ್ಕೆ 2.4, ಸಿಗ್ಮಾ 150–600 ಕಂಟೆಂಪರರಿಗೆ 2.8. ಕೆಸರು ಹೀರುತ್ತ ಕೂತ ಚಿಟ್ಟೆಗಳು ಮೊಳದಷ್ಟು ಹತ್ತಿರ ಬಂದರೂ ಕದಲದೇ ಇರಬಹುದು. ಬಿಸಿಲಿಗೆ ಮೈಕಾಯಿಸಿಕೊಂಡು ಚುರುಕಾದ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳು ಒಂದೂವರೆ ಮೀಟರಿಗೇ ಏಳುತ್ತವೆ. ಅಲ್ಲಿ ಒಂದು ಮೀಟರ್ ಆಸುಪಾಸಿನ ಕನಿಷ್ಠ ದೂರವಿರುವ ಜೂಮ್ ಗೆಲ್ಲುತ್ತದೆ. ಆದರೆ 2.8 ಮೀಟರ್ ಬೇಡುವ ಜೂಮ್ ಹಿಡಿದವರು ಕಾಲುದಾರಿಯಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ ಲಂಟಾನ ಪೊದೆಗೆ ಬೆನ್ನು ತಾಗಿಸಿ ನಿಲ್ಲಬೇಕಾಗುತ್ತದೆ.

ಹಾವಿನ ವಿಷಯದಲ್ಲಿ ಆಯ್ಕೆಯೇ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕಣ್ಣಿಗೆ ಬೀಳುವ ಮಲಬಾರ್ ಗುಳಿಮಂಡಲ ಗಂಟೆಗಟ್ಟಲೆ ಅಲುಗಾಡದೆ ಕೂರುತ್ತದೆ. ಅದು ಸುಮ್ಮನಿದೆ ಅಂತ 13 ಸೆಂ.ಮೀ.ಗೆ ಕೈ, ಮುಖ ಒಯ್ಯುವುದು ಹುಚ್ಚುತನ. ಒಂದು ಮೀಟರಿಗಿಂತ ಆಚೆಯಿಂದ 300–400 ಎಂಎಂನಲ್ಲಿ ತೆಗೆಯಿರಿ. ಸುರುಳಿ ಸುತ್ತಿದ ಹಾವು 0.3ಎಕ್ಸ್‌ನಲ್ಲೇ ಚೌಕಟ್ಟು ತುಂಬುತ್ತದೆ.

ಹಿನ್ನೆಲೆ ಮತ್ತು ಫೋಕಸ್‌ನ ಆಳ

ಟೆಲಿಯಲ್ಲಿ ಫೋಕಸ್ ಆಳ (ಹಿಂದೆ ಮುಂದೆ ಸ್ಪಷ್ಟವಾಗಿ ಕಾಣುವ ಪಟ್ಟಿ) ಕಡಿಮೆ, ಅದಕ್ಕೇ ಹಿನ್ನೆಲೆ ಮಸುಕಾಗುತ್ತದೆ ಎಂಬ ಮಾತು ಅರ್ಧ ಸರಿ. ಚಿಟ್ಟೆ ಸೆನ್ಸರ್ ಮೇಲೆ ಒಂದೇ ಗಾತ್ರದಲ್ಲಿ ಬೀಳುವಂತೆ ನಿಂತು, ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ, ಎಫ್ ಅಂಕಿ ಹೆಚ್ಚಿದಷ್ಟೂ ಕಿರಿದು) ಕೂಡ ಒಂದೇ ಇಟ್ಟರೆ, 100 ಎಂಎಂಗೂ 400 ಎಂಎಂಗೂ ಫೋಕಸ್‌ನ ಆಳ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಚಿಟ್ಟೆಯ ಹಿಂದಿನ ದೂರದ ಪೊದೆ. 400 ಎಂಎಂ ನೋಡುವ ಕೋನ ಕಿರಿದು, ಹಾಗಾಗಿ ಹಿನ್ನೆಲೆಯ ಚಿಕ್ಕ ತುಂಡು ಮಾತ್ರ ಚೌಕಟ್ಟಿಗೆ ಬಂದು ಬಣ್ಣದ ಹಾಸಿನಂತೆ ಹರಡುತ್ತದೆ. ಒಂದು ಹೆಜ್ಜೆ ಎಡಕ್ಕೆ ಸರಿದರೆ ಬಿಳಿ ಆಕಾಶದ ಚುಕ್ಕೆ ಮಾಯವಾಗಿ ಪೂರ್ತಿ ಹಸಿರು ಸಿಗುತ್ತದೆ. ಮ್ಯಾಕ್ರೋದಲ್ಲಿ ಹಿನ್ನೆಲೆ ಅಗಲವಾಗಿ ಬರುತ್ತದೆ. ಕಡ್ಡಿ, ಒಣಗಿದ ಎಲೆ, ಬಿಸಿಲಿನ ಮಚ್ಚೆ ಎಲ್ಲ ಇಣುಕುತ್ತವೆ. ಚಿಟ್ಟೆಯ ಚಿತ್ರ ‘ಶುಭ್ರ’ವಾಗಿ ಕಾಣಬೇಕೆನ್ನುವವರಿಗೆ ಟೆಲಿ ಹಿಡಿಸುವುದು ಈ ಕಾರಣಕ್ಕೆ. ನಮ್ಮ ಮಟ್ಟಿಗೆ, ಜೀವಿ ಎಂಥ ಗಿಡದ ಮೇಲಿದೆ ಅಂತ ತೋರಿಸುವ ಮ್ಯಾಕ್ರೋ ಚಿತ್ರವೂ ಅಷ್ಟೇ ಚೆನ್ನ. ಅದು ರುಚಿಯ ಮಾತು.

ಆಳ ನಿಜಕ್ಕೂ ಎಷ್ಟು? ಫುಲ್ ಫ್ರೇಮ್‌ನಲ್ಲಿ 1:1, ಎಫ್/8 ಇಟ್ಟರೆ ಸುಮಾರು 1 ಮಿ.ಮೀ. ಎಫ್/11ಕ್ಕೆ 1.3. ಜಿಗಿಯುವ ಜೇಡದ ಮುಂದಿನ ಕಣ್ಣು ಸ್ಪಷ್ಟವಾದರೆ ಹಿಂದಿನ ಕಾಲು ಹೋಗುತ್ತದೆ. ಅದೇ 0.3ಎಕ್ಸ್, ಎಫ್/8ಕ್ಕೆ ಸುಮಾರು 7 ಮಿ.ಮೀ. ಇದೆ, ರೆಕ್ಕೆ ಮಡಚಿದ ಚಿಟ್ಟೆಗೆ ಸೆನ್ಸರನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡಿದರೆ ತುದಿಯಿಂದ ತುದಿಗೆ ಸ್ಪಷ್ಟ. ಸಮಾನಾಂತರವಾಗಿ ಹಿಡಿಯುವ ಈ ಅಭ್ಯಾಸ ಅಪರ್ಚರ್ ಮುಚ್ಚುವುದಕ್ಕಿಂತ ಹೆಚ್ಚು ಉಪಕಾರಿ.

ಬೆಳಕು: ಎರಡೂ ಲೆನ್ಸ್‌ಗಳ ಮರೆಯ ಖರ್ಚು

ಲೆನ್ಸಿನ ಬೆಲೆ ಮಾತ್ರ ನೋಡಿ ಹೋಲಿಸಿದರೆ ಎಡವುವುದು ಇಲ್ಲೇ.

ಮ್ಯಾಕ್ರೋ ಎಫ್/2.8 ಅಂತ ಬರೆದಿದ್ದರೂ 1:1ಕ್ಕೆ ಹೋದಾಗ ಬೆಳಕು ಕುಗ್ಗುತ್ತದೆ. ಸರಳ ಸೂತ್ರ: ಅಪರ್ಚರ್ ಅಂಕಿಯನ್ನು ‘ಒಂದು ಕೂಡಿಸು ಮ್ಯಾಗ್ನಿಫಿಕೇಶನ್’ನಿಂದ ಗುಣಿಸಿ. 1:1ರಲ್ಲಿ 2.8 ಹೋಗಿ 5.6 ಆಗುತ್ತದೆ. ಇಂದಿನ ಮ್ಯಾಕ್ರೋಗಳು ಒಳಗೇ ಫೋಕಸ್ ಮಾಡುತ್ತ ಫೋಕಲ್ ಲೆಂತ್ ಇಳಿಸಿಕೊಳ್ಳುವುದರಿಂದ ನಷ್ಟ ಸ್ವಲ್ಪ ಕಡಿಮೆ. ನಿಕಾನ್ ಬಾಡಿಯಲ್ಲಿ ಎಎಫ್-ಎಸ್ 105 ಎಂಎಂ ಹಾಕಿ ಹತ್ತಿರ ಹೋದರೆ ಪರದೆಯ ಮೇಲೆ ಎಫ್/4.8 ಅಂತ ಬರುತ್ತದೆ. ಎಫ್/2.8 ಕೊಂಡರೆ 4.8 ತೋರಿಸುತ್ತಿದೆ ಅಂತ ಸರ್ವಿಸ್ ಸೆಂಟರ್‌ಗೆ ಓಡಬೇಡಿ. ನಿಕಾನ್ ನಿಜವಾದ ಅಂಕಿ ತೋರಿಸುತ್ತಿದೆ, ಅಷ್ಟೇ. ಕ್ಯಾನನ್ ಬಾಡಿ ಲೆನ್ಸಿನಲ್ಲಿ ಇಟ್ಟ ಅಂಕಿಯನ್ನೇ ತೋರಿಸುತ್ತದೆ. ಹಾಗಾಗಿ 1:1ರಲ್ಲಿ ಕ್ಯಾನನ್‌ನ ಎಫ್/8–11 ಅಂದರೆ ನಿಕಾನ್‌ನ ಎಫ್/14–18. ‘ಎಫ್/11 ದಾಟಬೇಡಿ’ ಎಂಬ ಸಲಹೆ ಓದಿ ಎರಡೂ ಕಡೆ ಒಂದೇ ಅಂಕಿ ಇಟ್ಟರೆ ಫಲಿತಾಂಶ ಬೇರೆ ಬರುತ್ತದೆ. ದಾಟಬಾರದು ಅನ್ನುವುದಕ್ಕೆ ಕಾರಣ ಡಿಫ್ರಾಕ್ಷನ್, ಅಂದರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದು. ಲೆನ್ಸಿನಲ್ಲಿ ಎಫ್/16 ಇಟ್ಟು 1:1ಕ್ಕೆ ಹೋದರೆ ಪರಿಣಾಮದಲ್ಲಿ ಅದು ಎಫ್/32ರ ಹತ್ತಿರ, ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಇಷ್ಟು ಮುಚ್ಚಿದ ಅಪರ್ಚರ್‌ಗೆ ಕಾಡಿನ ನೆರಳಿನ ಬೆಳಕು ಏನೂ ಸಾಲದು. ಮ್ಯಾಕ್ರೋ ಕೊಳ್ಳುವವರು ಫ್ಲಾಶ್ ಮತ್ತು ಡಿಫ್ಯೂಸರ್ (ಫ್ಲಾಶ್ ಬೆಳಕನ್ನು ಮೃದುವಾಗಿಸುವ ಪರದೆ) ಸೇರಿಸಿಯೇ ಬಜೆಟ್ ಹಾಕಬೇಕು. ಉಂಗುರದ ಫ್ಲಾಶ್ ಬೇಕಿಲ್ಲ. ಗೊಡಾಕ್ಸ್ ಟಿಟಿ350 ಥರದ ಎರಡು ಎಎ ಸೆಲ್ಲಿನ ಚಿಕ್ಕ ಫ್ಲಾಶ್ ಸಾಕು. ಶುರುವಿಗೆ ಮ್ಯಾನುಯಲ್ ಮೋಡ್, 1/160 ಸೆಕೆಂಡ್, ಎಫ್/11, ಐಎಸ್‌ಓ (ಬೆಳಕಿಗೆ ಸೆನ್ಸರಿನ ಸಂವೇದನೆ) 200, ಫ್ಲಾಶ್ 1/8 ಪವರ್. ಕಪ್ಪಾದರೆ ಮೊದಲು ಫ್ಲಾಶ್ ಏರಿಸಿ. 1/4 ದಾಟಿದರೆ ಮತ್ತೆ ಚಾರ್ಜ್ ಆಗುವುದು ನಿಧಾನ, ಆಮೇಲೆ ಐಎಸ್‌ಓ ಏರಿಸಿ. ಕಡಿಮೆ ಪವರ್‌ನಲ್ಲಿ ಫ್ಲಾಶ್ ಬೆಳಗುವುದು ಸೆಕೆಂಡಿನ ಸಾವಿರಾರು ಭಾಗದಲ್ಲೊಂದು ಭಾಗ ಮಾತ್ರ, ಕೈನಡುಕವನ್ನು ನಿಲ್ಲಿಸುವುದು ಅದೇ, ಶಟರ್ ಅಲ್ಲ. ಡಿಫ್ಯೂಸರ್ ಇಲ್ಲದೆ ಜೀರುಂಡೆಯ ಬೆನ್ನಿನ ಮೇಲೆ ಬಿಳಿ ಮಚ್ಚೆ ಗ್ಯಾರಂಟಿ. ತೆಳು ಬಿಳಿ ಫೋಮ್ ಹಾಳೆಯನ್ನು ಲೆನ್ಸಿನ ತುದಿಯವರೆಗೆ ಬಗ್ಗಿಸಿ ಕಟ್ಟಿದರೂ ಆಗುತ್ತದೆ. ಹುಳಕ್ಕೆ ಅದು ಎಷ್ಟು ಹತ್ತಿರ ಮತ್ತು ಅಗಲವಾಗಿದ್ದರೆ ಬೆಳಕು ಅಷ್ಟು ಮೃದು.

ಕೈನಡುಕ ತಡೆಯುವ ಸ್ಟೆಬಿಲೈಸೇಶನ್ ಇದೆಯಲ್ಲ ಅನ್ನುವವರಿಗೆ: ಇಎಫ್ 100 ಎಂಎಂ ಎಲ್ ಮಾಮೂಲಿ ದೂರದಲ್ಲಿ ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕಿನ ಇಮ್ಮಡಿ ಅಥವಾ ಅರ್ಧ) ಕೊಡುತ್ತದೆ, 1:1ರಲ್ಲಿ ಎರಡಕ್ಕೆ ಇಳಿಯುತ್ತದೆ ಅಂತ ಕ್ಯಾನನ್ ತಾನೇ ಹೇಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ನಮ್ಮ ಮೈ ಉಸಿರಾಟಕ್ಕೆ ಹಿಂದೆ ಮುಂದೆ ತೂಗುತ್ತಲೇ ಇರುತ್ತದೆ. 1 ಮಿ.ಮೀ. ಆಳದಲ್ಲಿ ಆ ತೂಗಾಟಕ್ಕೇ ಫೋಕಸ್ ಹೋಗುತ್ತದೆ, ಸ್ಟೆಬಿಲೈಸೇಶನ್ ಅದನ್ನು ಹಿಡಿಯದು. ಆದ್ದರಿಂದ ಮ್ಯಾನುಯಲ್ ಫೋಕಸ್‌ನಲ್ಲಿ ಬೇಕಾದ ಗಾತ್ರ ಇಟ್ಟು, ಮೊಣಕೈಯನ್ನು ಮಂಡಿಗೋ ನೆಲಕ್ಕೋ ಊರಿ, ನಿಧಾನ ಮುಂದಕ್ಕೆ ಬಾಗುತ್ತ ಕಣ್ಣು ಸ್ಪಷ್ಟವಾದ ಗಳಿಗೆಗೆ ಒತ್ತಬೇಕು. ಮೂರು–ನಾಲ್ಕು ಒತ್ತಿದರೆ ಒಂದು ಸಿಗುತ್ತದೆ.

ಫೋಕಸ್ ಸ್ಟ್ಯಾಕಿಂಗ್ (ಫೋಕಸ್ ಸರಿಸುತ್ತ ತೆಗೆದ ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುವುದು) ಬಗ್ಗೆ ಒಂದೇ ಮಾತು. 1:1, ಎಫ್/5.6ಕ್ಕೆ ಆಳ ಸುಮಾರು 0.67 ಮಿ.ಮೀ. ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ತೆಗೆದರೆ 8 ಮಿ.ಮೀ. ದಪ್ಪದ ಜೀರುಂಡೆಗೆ 18ರಷ್ಟು ಚಿತ್ರ ಬೇಕು. ಗಾಳಿಯಿದ್ದರೆ ಹೊರಗೆ ಇದು ಆಗದ ಕೆಲಸ. ಮುಂಜಾನೆ ಆರರಿಂದ ಏಳೂವರೆಯೊಳಗೆ, ಇಬ್ಬನಿ ಆರುವ ಮೊದಲು, ಹುಳಗಳು ತಣ್ಣಗೆ ಕೂತಿರುವಾಗ ಆಗುತ್ತದೆ. ಹುಳವನ್ನು ಫ್ರಿಜ್‌ನಲ್ಲಿಟ್ಟು ಜಡ ಮಾಡಿ ತೆಗೆಯುವವರೂ ಇದ್ದಾರೆ. ಅದು ಬೇಡ.

ಟೆಲಿ ಜೂಮಿನ ಖರ್ಚು ಇನ್ನೊಂದು ಬಗೆಯದು. ಇಲ್ಲಿ ಶಟರ್ ಸ್ಪೀಡ್‌ಗಾಗಿ ಬೆಳಕು ಬೇಕು. ಕೂತ ಹಕ್ಕಿಗೆ 1/500, ಹಾರುವ ಹಕ್ಕಿಗೆ 1/2000. ಜೂಮ್ 600 ಎಂಎಂಗೆ ಹೋದಾಗ ಅಪರ್ಚರ್ ಎಫ್/6.3. ಬೆಳಗಿನ ಸಫಾರಿಯ ಮೊದಲ ಅರ್ಧ ಗಂಟೆ ಐಎಸ್‌ಓ 3200–6400 ಇಲ್ಲದೆ ನಡೆಯದು. ಹಳೆಯ ಎಪಿಎಸ್-ಸಿ ಬಾಡಿಯಲ್ಲಿ ಅದು ಕಾಳು ಕಾಳಾಗಿ ಕಾಣುತ್ತದೆ, ಆಗ ಲೆನ್ಸಿಗಿಂತ ಬಾಡಿ ಬದಲಿಸುವ ಆಸೆ ಹುಟ್ಟುತ್ತದೆ. ಇನ್ನು ಲೆನ್ಸಿಗೂ ಬಾಡಿಗೂ ನಡುವೆ, ಫೋಕಲ್ ಲೆಂತ್ ಹೆಚ್ಚಿಸುವ 1.4ಎಕ್ಸ್ ಟೆಲಿಕನ್ವರ್ಟರ್ ಹಾಕಿದರೆ ಒಂದು ಸ್ಟಾಪ್ ಹೋಗಿ ಎಫ್/9 ಆಗುತ್ತದೆ. ಡಿಎಸ್‌ಎಲ್‌ಆರ್‌ಗಳಲ್ಲಿ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಆಟೋಫೋಕಸ್ ಅಲ್ಲಿಗೆ ಕೈಚೆಲ್ಲುತ್ತದೆ.

ತೂಕವೂ ಖರ್ಚೇ. 100 ಎಂಎಂ ಎಲ್ ಮ್ಯಾಕ್ರೋ 625 ಗ್ರಾಂ. ಸೋನಿ 200–600 2.1 ಕೆ.ಜಿ., ಕಾಲರ್ ಸೇರಿ ನಿಕಾನ್ 200–500 2.3 ಕೆ.ಜಿ. ಕೆರೆ ದಂಡೆಯಲ್ಲಿ ಎರಡು ತಾಸು ನಡೆಯುವವರಿಗೆ ಮೊನೊಪಾಡ್ (ಒಂಟಿಕಾಲಿನ ಸ್ಟ್ಯಾಂಡ್) ಬೇಕಾಗುತ್ತದೆ. ಸಫಾರಿ ಜೀಪಿನಲ್ಲಿ ಟ್ರೈಪಾಡ್‌ಗೆ ಜಾಗವಿಲ್ಲ, ಬೀನ್‌ಬ್ಯಾಗ್ ಬೇಕು. ಖಾಲಿ ಚೀಲ ಒಯ್ದು, ಅಲ್ಲೇ ಎರಡು ಮೂರು ಕೆ.ಜಿ. ಅಕ್ಕಿ ಕೊಂಡು ತುಂಬಿಸಿಕೊಳ್ಳುವುದು ಜಾಣತನ. ಕೆಲವು ಕಡೆ ದೊಡ್ಡ ಲೆನ್ಸಿಗೆ ಪ್ರತ್ಯೇಕ ಶುಲ್ಕವಿರುತ್ತದೆ, ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಜೂಮ್ ಏಕೆ, ಉದ್ದದ ಪ್ರೈಮ್ ಏಕಲ್ಲ

ರಂಗನತಿಟ್ಟಿನ ದೋಣಿಯಲ್ಲಿ ಕೂತವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಅಲ್ಲಿ ನಾವು ಹಿಂದೆ ಮುಂದೆ ಹೋಗುವ ಹಾಗಿಲ್ಲ, ದೋಣಿ ಹೋದಲ್ಲಿಗೆ ಲೆನ್ಸ್. ಬಣ್ಣದ ಕೊಕ್ಕರೆ ಸುಮಾರು ಒಂದು ಮೀಟರ್ ಎತ್ತರ. 10 ಮೀಟರ್ ದೂರದಲ್ಲಿ 600 ಎಂಎಂ ತೋರಿಸುವ ಎತ್ತರ 40 ಸೆಂ.ಮೀ., ಅಂದರೆ ತಲೆ ಮತ್ತು ಕೊಕ್ಕು. 200 ಎಂಎಂಗೆ ಇಳಿಸಿದರೆ 1.2 ಮೀಟರ್, ಪೂರ್ತಿ ಹಕ್ಕಿ. ಎರಡೂ ಒಂದೇ ನಿಮಿಷದಲ್ಲಿ ಬೇಕಾಗುತ್ತವೆ. ದೋಣಿ ಅಲುಗಾಡುವುದರಿಂದ ಕೂತ ಹಕ್ಕಿಗೂ 1/1000 ಇಡಿ.

ಟೆಲಿ ಜೂಮಿಗೆ ಮ್ಯಾಕ್ರೋ ಕಣ್ಣು ಹಾಕುವುದು

ಮ್ಯಾಕ್ರೋಗೆ ದೂರ ನೋಡಲು ಕಲಿಸಲಾಗದು. ಟೆಲಿ ಜೂಮಿಗೆ ಹತ್ತಿರ ನೋಡಲು ಕಲಿಸಬಹುದು. ದುಡ್ಡು ಒಂದೇ ಲೆನ್ಸಿಗೆ ಇರುವವರು ಈ ಭಾಗವನ್ನು ಗಮನವಿಟ್ಟು ಓದಬೇಕು.

ಮುಂದೆ ಸಿಕ್ಕಿಸುವ ಕ್ಲೋಸ್‌ಅಪ್ ಲೆನ್ಸಿಗೆ ಡಯಾಪ್ಟರ್ ಅಂಕಿ ಇರುತ್ತದೆ. 1000ವನ್ನು ಡಯಾಪ್ಟರ್‌ನಿಂದ ಭಾಗಿಸಿದರೆ ಅದರ ಫೋಕಲ್ ಲೆಂತ್ ಮಿ.ಮೀ.ನಲ್ಲಿ ಬರುತ್ತದೆ. ಮುಖ್ಯ ಲೆನ್ಸನ್ನು ಇನ್ಫಿನಿಟಿಗೆ ಇಟ್ಟಾಗ ಜೀವಿ ಇರಬೇಕಾದ ಅಂತರವೂ ಅಷ್ಟೇ. ಜೂಮಿನ ಫೋಕಲ್ ಲೆಂತನ್ನು ಅದರಿಂದ ಭಾಗಿಸಿದರೆ ಮ್ಯಾಗ್ನಿಫಿಕೇಶನ್. ರೇನಾಕ್ಸ್ ಡಿಸಿಆರ್-150 4.8 ಡಯಾಪ್ಟರ್, ಅಂದರೆ 208 ಮಿ.ಮೀ. ಯಾವುದೇ ಜೂಮ್ 200 ಎಂಎಂ ಆಸುಪಾಸಿನಲ್ಲಿ ಹೆಚ್ಚುಕಡಿಮೆ 1:1, 300ರಲ್ಲಿ 1.4ಎಕ್ಸ್ ಕೊಡುತ್ತದೆ. ಅಂತರ 20 ಸೆಂ.ಮೀ., ಮ್ಯಾಕ್ರೋ ಪ್ರೈಮಿನ 13ಕ್ಕಿಂತ ಹೆಚ್ಚೇ! ಡಿಸಿಆರ್-250 8 ಡಯಾಪ್ಟರ್, ಅಂತರ 12.5 ಸೆಂ.ಮೀ. ಇವೆರಡೂ 52ರಿಂದ 67 ಎಂಎಂವರೆಗಿನ ಫಿಲ್ಟರ್ ದಾರದ (ಲೆನ್ಸಿನ ತುದಿಯಲ್ಲಿರುವ ತಿರುಪಿನ ಸುತ್ತು) ಲೆನ್ಸ್‌ಗಳಿಗೆ ಕ್ಲಿಪ್ಪಿನಂತೆ ಕೂರುತ್ತವೆ. ಕ್ಯಾನನ್ ಇಎಫ್-ಎಸ್ 55–250 ಎಸ್‌ಟಿಎಂ 58, ಆರ್‌ಎಫ್ 100–400 67, ನಿಕಾನ್ ಎಎಫ್-ಎಸ್ 70–300ಇ ಕೂಡ 67. ಎಲ್ಲಕ್ಕೂ ಆಗುತ್ತದೆ.

100–400 ಎಲ್ II ಥರ 77 ಎಂಎಂ ದಾರವಿರುವವಕ್ಕೆ ಕ್ಯಾನನ್ 500ಡಿ ಕ್ಲೋಸ್‌ಅಪ್ ಲೆನ್ಸ್ ಇದೆ, 2 ಡಯಾಪ್ಟರ್. 400 ಎಂಎಂನಲ್ಲಿ 0.8ಎಕ್ಸ್, ಅದೂ ಅರ್ಧ ಮೀಟರ್ ದೂರದಿಂದ. ಕ್ಯಾಮೆರಾ ಯಾವ ಕಂಪನಿಯದಾದರೂ ಪರವಾಗಿಲ್ಲ, ದಾರ ಹೊಂದಿದರೆ ಸಾಕು. 150–600, 200–500, 200–600ಗಳ 95 ಎಂಎಂ ದಾರಕ್ಕೆ ಒಳ್ಳೆಯ ಕ್ಲೋಸ್‌ಅಪ್ ಲೆನ್ಸ್ ಸಿಗುವುದು ಅಪರೂಪ, ಆ ಆಸೆ ಬಿಡಿ.

ಇದರ ಕಷ್ಟಗಳೂ ಇವೆ. ಸಿಕ್ಕಿಸಿದ ಮೇಲೆ ದೂರದ್ದು ಫೋಕಸ್ ಆಗುವುದೇ ಇಲ್ಲ. ಫೋಕಸ್ ಆಗುವ ಪಟ್ಟಿ ಕೆಲವೇ ಸೆಂಟಿಮೀಟರ್. ಆಟೋಫೋಕಸ್ ತಡಕಾಡುತ್ತದೆ, ಮುಂದೆ ಹಿಂದೆ ಸರಿದೇ ಹುಡುಕಬೇಕು. ಜೂಮನ್ನು ಚಿಕ್ಕ ಫೋಕಲ್ ಲೆಂತ್‌ಗೆ ಇಳಿಸಿದರೆ ಮೂಲೆಗಳು ಕಪ್ಪಾಗುತ್ತವೆ. ಅಂಚಿನ ಸ್ಪಷ್ಟತೆ ಮ್ಯಾಕ್ರೋ ಪ್ರೈಮಿಗೆ ಸಮನಲ್ಲ. ಆದರೂ ಹುಳ ಸಾಮಾನ್ಯವಾಗಿ ಚೌಕಟ್ಟಿನ ನಡುವೆ ಇರುತ್ತದೆ, ಅಂಚು ಮಸುಕಾಗಿಯೇ ಇರಬೇಕು. ಹಾಗಾಗಿ ಈ ಕೊರತೆ ಅಷ್ಟಾಗಿ ಕಾಣದು. +1, +2, +4, +10 ಅಂತ ನಾಲ್ಕು ಗಾಜಿನ ಅಗ್ಗದ ಸೆಟ್ ಸಿಗುತ್ತದಲ್ಲ, ಅದನ್ನು ಮುಟ್ಟಬೇಡಿ. ಒಂಟಿ ಗಾಜು, ಕಾಂಟ್ರಾಸ್ಟ್ ಇರುವ ಅಂಚುಗಳಲ್ಲೆಲ್ಲ ನೇರಳೆ ಗೆರೆ ಬರುತ್ತದೆ.

ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಬಾಡಿಗೂ ನಡುವೆ ಹಾಕುವ ಗಾಜಿಲ್ಲದ ಕೊಳವೆ) ಟೆಲಿಗೆ ಲಾಭದ ವ್ಯಾಪಾರವಲ್ಲ. ಟ್ಯೂಬಿನ ಉದ್ದವನ್ನು ಫೋಕಲ್ ಲೆಂತ್‌ನಿಂದ ಭಾಗಿಸಿದಷ್ಟೇ ಹೆಚ್ಚುವರಿ. 36 ಎಂಎಂ ಟ್ಯೂಬ್ 400 ಎಂಎಂನಲ್ಲಿ ಕೊಡುವುದು 0.09ಎಕ್ಸ್. ಅದೇ ಟ್ಯೂಬ್ 50 ಎಂಎಂ ಲೆನ್ಸಿನಲ್ಲಿ 0.72 ಕೊಡುತ್ತದೆ. ಆದರೆ ಕನಿಷ್ಠ ದೂರ ಎರಡು ಮೀಟರ್ ದಾಟುವ ಜೂಮ್‌ಗಳನ್ನು ಕೊಂಚ ಹತ್ತಿರ ತರಲು ಟ್ಯೂಬ್ ಬಳಸಬಹುದು. ಎಲೆಕ್ಟ್ರಿಕ್ ಸಂಪರ್ಕವಿರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಅಪರ್ಚರ್ ಬದಲಿಸಲಾಗದು.

‘ಲೆನ್ಸ್ ಕೆಟ್ಟಿದೆ’ ಅನ್ನುವ ಮೊದಲು

ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಫೋಕಸ್ ಲಿಮಿಟರ್ ಸ್ವಿಚ್ ನೋಡಿ. 100–400 ಎಲ್ II ಸ್ವಿಚ್ ‘3 ಮೀ.–ಇನ್ಫಿನಿಟಿ’ಯಲ್ಲಿದ್ದರೆ ಒಂದೂವರೆ ಮೀಟರಿನ ಚಿಟ್ಟೆಗೆ ಲೆನ್ಸ್ ಜಪ್ಪಯ್ಯ ಅಂದರೂ ಫೋಕಸ್ ಮಾಡದು. ನಿಕಾನ್ 200–500ರಲ್ಲಿ ಆ ಗಡಿ 6 ಮೀಟರ್. ಮ್ಯಾಕ್ರೋದಲ್ಲಿ ಉಲ್ಟಾ: ಇಎಫ್ 100 ಎಲ್ ಅನ್ನು ‘0.3–0.5 ಮೀ.’ನಲ್ಲಿ ಮರೆತರೆ ಮನುಷ್ಯರ ಮುಖಕ್ಕೆ ಫೋಕಸ್ ಆಗದು. ಪೂರ್ತಿ ವ್ಯಾಪ್ತಿಯಲ್ಲಿಟ್ಟರೆ ಮ್ಯಾಕ್ರೋ ಈ ತುದಿಯಿಂದ ಆ ತುದಿಗೆ ತಡಕಾಡುವುದು ಸಹಜ, ಅದರ ಫೋಕಸ್ ಓಡಾಟ ಅಷ್ಟು ಉದ್ದ.

ಟೆಲಿ ಮೆತ್ತಗೆ ಬರುತ್ತಿದ್ದರೆ ಮೊದಲು ಅಗ್ಗದ ಯುವಿ ಫಿಲ್ಟರ್ ತೆಗೆದು ನೋಡಿ. 400–600 ಎಂಎಂನಲ್ಲಿ ಅದರ ದೋಷ ಎದ್ದು ಕಾಣುತ್ತದೆ. ಎರಡನೆಯದು ಬಿಸಿಗಾಳಿ. ಹತ್ತು ಗಂಟೆಯ ಮೇಲೆ ಕೆರೆಯ ಆಚೆ ದಡದ ಹಕ್ಕಿ ಅಲೆಅಲೆಯಾಗಿ ಬಂದರೆ ಯಾವ ಲೆನ್ಸೂ ಏನೂ ಮಾಡಲಾರದು, ಹತ್ತಿರದ ಹಕ್ಕಿ ನೋಡಿಕೊಳ್ಳಿ.

ಮಲೆನಾಡು, ಕರಾವಳಿಯವರಿಗೆ ಫಂಗಸ್ ಎರಡೂ ಲೆನ್ಸಿಗೂ ಶತ್ರು. ಹೊರಗೆ ಬರುವ ಜೂಮ್ ಒಳಗೆ ಗಾಳಿ ಎಳೆದುಕೊಳ್ಳುವುದರಿಂದ ಅದಕ್ಕೆ ಒಂದು ಕೈ ಹೆಚ್ಚು. ತೇವಾಂಶ ಶೇ. 40–50ರ ನಡುವೆ ಇಡುವ ಡ್ರೈ ಕ್ಯಾಬಿನೆಟ್ ಒಳ್ಳೆಯದು. ಅದಿಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮೀಟರ್. ಮಳೆಯಲ್ಲಿ ನೆನೆದ ಲೆನ್ಸನ್ನು ಹಾಗೇ ಬ್ಯಾಗಿಗೆ ಹಾಕಿ ಮುಚ್ಚಬೇಡಿ.

ಯಾರಿಗೆ ಯಾವುದು

ಜೇಡ, ಇರುವೆ, ಜೀರುಂಡೆ, ಮಳೆಗಾಲದ ರಾತ್ರಿ ಕೂಗುವ ಎರಡು ಮೂರು ಸೆಂ.ಮೀ. ಪೊದೆಗಪ್ಪೆ ಇವು ನಿಮ್ಮ ಹಂಬಲವಾದರೆ ಮ್ಯಾಕ್ರೋ ಪ್ರೈಮ್, ಜೊತೆಗೆ ಫ್ಲಾಶ್. ರಾತ್ರಿಯ ಟಾರ್ಚ್ ಬೆಳಕಿನಲ್ಲಿ ಎಫ್/6.3 ಜೂಮ್ ಫೋಕಸ್ ಹುಡುಕುವಷ್ಟರಲ್ಲಿ ಕಪ್ಪೆ ಇರುವುದಿಲ್ಲ. ಮನೆಯಲ್ಲಿ ಒಡವೆ, ನಾಣ್ಯ, ತಾಳೆಗರಿ, ಹಳೆಯ ಫೋಟೋ ನಕಲು ಮಾಡುವ ಕೆಲಸವಿದ್ದರೂ ಮ್ಯಾಕ್ರೋನೇ. ಚಪ್ಪಟೆ ವಸ್ತುವನ್ನು ಮೂಲೆಯವರೆಗೂ ನೇರವಾಗಿ, ಸ್ಪಷ್ಟವಾಗಿ ತೋರಿಸುವಂತೆ ಅದನ್ನು ಮಾಡಿರುತ್ತಾರೆ. ಯಕ್ಷಗಾನದ ವೇಷಗಳ ಮುಖಕ್ಕೂ ಎಫ್/2.8 ಚೆನ್ನಾಗಿ ಒದಗುತ್ತದೆ, ಎಫ್/6.3 ಜೂಮಿಗೆ ಆ ದೀಪ ಸಾಲದು.

ಬರೀ ಹಕ್ಕಿ, ಸಫಾರಿ ಅಂದರೆ 150–600, 200–500 ಅಥವಾ 200–600. ಚಿಕ್ಕ ಚಿಟ್ಟೆಗಳ ಆಸೆ ಇಟ್ಟುಕೊಳ್ಳಬೇಡಿ.

ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಓತಿಕ್ಯಾತ, ಹತ್ತಿರದ ಹಕ್ಕಿ ಎಲ್ಲವೂ ಬೇಕು, ಏನು ಹಿಡಿಸುತ್ತದೆ ಅಂತ ಇನ್ನೂ ಗೊತ್ತಿಲ್ಲ ಅನ್ನುವವರೇ ಹೆಚ್ಚು. ಅವರಿಗೆ ನಮ್ಮ ಸಲಹೆ 0.3ಎಕ್ಸ್ ಆಸುಪಾಸು ಅಥವಾ ಅದಕ್ಕೂ ಮೇಲೆ ಕೊಡುವ, ಒಂದು ಮೀಟರ್ ಆಸುಪಾಸಿಗೆ ಬರುವ ಜೂಮ್ ಮೊದಲು, ಜೊತೆಗೆ ಡಿಸಿಆರ್-150 ಅಥವಾ 500ಡಿ. 55–250 ಎಸ್‌ಟಿಎಂ ಕೂಡ 0.29ಎಕ್ಸ್ ಕೊಡುತ್ತದೆ, ತೂಕ 375 ಗ್ರಾಂ ಮಾತ್ರ. ಒಂದು ಮಳೆಗಾಲ ಕಳೆದ ಮೇಲೆ ಚಿತ್ರಗಳನ್ನು ತೆರೆದು ನೋಡಿ. ಕ್ಲೋಸ್‌ಅಪ್ ಲೆನ್ಸ್ ಹಾಕಿ ತೆಗೆದವೇ ಹೆಚ್ಚಿದ್ದರೆ ಮ್ಯಾಕ್ರೋ ಕೊಳ್ಳುವ ಕಾಲ ಬಂದಿದೆ. ಎಲ್ಲವೂ ಜೂಮಿನ ಕೊನೆಯ ತುದಿಯಲ್ಲೇ ತೆಗೆದು, ಮೇಲೆ ಕ್ರಾಪ್ ಬೇರೆ ಮಾಡಿದ್ದರೆ ಇನ್ನೂ ಉದ್ದದ ಜೂಮ್ ಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಎರಡೂ ಬಗೆಯವು ಬಳಸಿದ್ದು ಧಾರಾಳ ಸಿಗುತ್ತವೆ. ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಧೂಳಿನ ನಾಲ್ಕು ಕಣ ಇದ್ದರೆ ಚಿಂತೆಯಿಲ್ಲ, ಜೇಡರಬಲೆಯಂಥ ಎಳೆ ಕಂಡರೆ ಫಂಗಸ್, ಬಿಟ್ಟುಬಿಡಿ. ಜೂಮ್ ಉಂಗುರವನ್ನು ಪೂರ್ತಿ ತಿರುಗಿಸಿ. ನಡುವೆ ಎಲ್ಲೋ ಬಿಗಿಯಾದರೆ ಅಥವಾ ಮರಳಿನ ಸದ್ದು ಬಂದರೆ ಬೇಡ. ಹೊರಚಾಚಿದ ಕೊಳವೆಯನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ತುಸು ಸಡಿಲ ಸಹಜ, ಕಟಕಟ ಅಂದರೆ ಬಿದ್ದ ಲೆನ್ಸ್ ಇರಬಹುದು. ಸ್ಟೆಬಿಲೈಸೇಶನ್ ಆನ್ ಮಾಡಿ ಶಟರನ್ನು ಅರ್ಧ ಒತ್ತಿ, ವ್ಯೂಫೈಂಡರ್‌ನಲ್ಲಿ ಚಿತ್ರ ನೆಲೆ ನಿಲ್ಲಬೇಕು, ಎಗರಬಾರದು.

ಮ್ಯಾಕ್ರೋ ಆದರೆ ಒಂದು ಉಕ್ಕಿನ ಸ್ಕೇಲ್ ಒಯ್ಯಿರಿ. ಅತಿ ಹತ್ತಿರದ ಫೋಕಸ್‌ಗೆ ಇಟ್ಟು ಸ್ಕೇಲನ್ನು ನೇರವಾಗಿ ತೆಗೆಯಿರಿ. ಫುಲ್ ಫ್ರೇಮ್‌ನಲ್ಲಿ ಅಡ್ಡಕ್ಕೆ 36 ಮಿ.ಮೀ., ಎಪಿಎಸ್-ಸಿಯಲ್ಲಿ 22–24 ಮಿ.ಮೀ. ಕಾಣಬೇಕು. ಅದಕ್ಕಿಂತ ಬಹಳ ಹೆಚ್ಚು ಕಂಡರೆ ಅದು 1:1 ಲೆನ್ಸ್ ಅಲ್ಲ, ಇಲ್ಲವೇ ಲಿಮಿಟರ್ ಸ್ವಿಚ್ ತಪ್ಪು ಜಾಗದಲ್ಲಿದೆ. ಟೆಲಿ ಆದರೆ ಅಂಗಡಿಯ ಹೊರಗೆ ಬಂದು, ಇಪ್ಪತ್ತು ಮೀಟರ್ ದೂರದ ನಿಂತ ವಾಹನದ ನಂಬರ್ ಪ್ಲೇಟನ್ನು ಗರಿಷ್ಠ ಜೂಮಿನಲ್ಲಿ, ಪೂರ್ತಿ ತೆರೆದ ಅಪರ್ಚರ್‌ನಲ್ಲಿ, 1/1000ಕ್ಕಿಂತ ವೇಗದ ಶಟರ್‌ನಲ್ಲಿ ಐದು ಬಾರಿ ತೆಗೆಯಿರಿ. ಪ್ರತಿ ಸಲವೂ ಫೋಕಸ್ ಕೆಡಿಸಿ ಮತ್ತೆ ಮಾಡಿಸಿ. ಐದೂ ಒಂದೇ ಬಗೆಯಲ್ಲಿ ಮೆತ್ತಗಿದ್ದರೆ ಫೋಕಸ್ ಹಿಂದೆ–ಮುಂದೆ ಬೀಳುತ್ತಿರಬಹುದು, ಡಿಎಸ್‌ಎಲ್‌ಆರ್ ಆದರೆ ಬಾಡಿಯ ಎಎಫ್ ಫೈನ್ ಟ್ಯೂನ್‌ನಲ್ಲಿ ಸರಿಹೋಗಬಹುದು. ಎಡಭಾಗ ಸ್ಪಷ್ಟ, ಬಲಭಾಗ ಮಸುಕು ಬಂದರೆ ಒಳಗಿನ ಗಾಜು ವಾಲಿದೆ. ಅದಕ್ಕೆ ಎಷ್ಟೇ ಕಡಿಮೆ ಬೆಲೆ ಹೇಳಿದರೂ ಕೊಳ್ಳಬೇಡಿ.